ಗಳಿಗೆಬಟ್ಟಲು, ಕೀಲಿಯ ವಾಚು, ಸ್ಫಟಿಕದ ವಾಚು

ಚರಿತ್ರೆಯನ್ನು ಬರೆಯುವವರು ಅರಸರ ವಂಶಾವಳಿಗಳನ್ನೂ ಕಾಳಗಗಳ ತಿಥಿವಾರಗಳನ್ನೂ ಶ್ರದ್ಧೆಯಿಂದ ಶೋಧಿಸುವರು; ಆದರೆ ಸಾಮಾನ್ಯ ಜನರು ಯಾವ ಕಾಲದಲ್ಲಿ ಯಾವ ಯಂತ್ರವನ್ನು ಮನೆಯೊಳಕ್ಕೆ ಬರಮಾಡಿಕೊಂಡರು, ಅದನ್ನು ಯಾರು ಮಾಡಿ ಯಾರು ಮಾರಿದರು, ಅದರಿಂದ ಯಾರು ಉದ್ಧಾರವಾದರು, ಯಾರು ಹಾಳಾದರು ಎಂಬ ಸಂಗತಿಗಳು ಮಾತ್ರ ಅವರ ಕಣ್ಣಿಗೆ ಬೀಳುವದು ವಿರಳ. ನಮ್ಮ ಸೀಮೆಯ ಹಳ್ಳಿಯ ಗೃಹಸ್ಥನೊಬ್ಬನು ತನ್ನ ಆಯುಷ್ಯದಲ್ಲಿ ಮೊಟ್ಟಮೊದಲು ಕೊಂಡ ಯಂತ್ರವು ಯಾವದು? ಎತ್ತಿನ ಗಾಡಿಯನ್ನು ಯಂತ್ರವೆನ್ನದಿದ್ದರೆ, ಅದು ಸೈಕಲ್ಲು, ರೇಡಿಯೋ, ಕೈಗಡಿಯಾರ ಈ ಮೂರರಲ್ಲಿ ಒಂದಾಗಿರಲೇಬೇಕು. ಒಂದು ಕಾಲಕ್ಕೆ ಮುಂಡಗೋಡ, ಹಳಿಯಾಳ, ಕಲಘಟಗಿಗಳ ಕಡೆಯ ವರನು ಮಾವನ ಮನೆಯಿಂದ ಇವು ಮೂರನ್ನೂ ಅಪೇಕ್ಷಿಸುತ್ತಿದ್ದನೆಂಬದು ಹಿರಿಯರಿಗೆಲ್ಲ ಗೊತ್ತಿರುವ ಮಾತು. ಇವುಗಳಲ್ಲಿ ಕೈಗಡಿಯಾರದ ಕಥೆಯು ಅತ್ಯಂತ ವಿಚಿತ್ರವಾದದ್ದು. ಏಕೆಂದರೆ ಅದರ ಉದಯ, ಮಧ್ಯಾಹ್ನ, ಅಸ್ತಮಾನ ಈ ಮೂರೂ ನಮ್ಮ ಕನ್ನಡ ನಾಡಿನಲ್ಲಿಯೇ, ಒಂದು ತಲೆಮಾರಿನ ಕಣ್ಣೆದುರಿಗೇ ನಡೆದುಹೋದವು.

ಕಾಲವನ್ನು ಅಳೆಯುವದು ನಮಗೆ ಪಾಶ್ಚಾತ್ಯರು ಕಲಿಸಿದ ವಿದ್ಯೆಯಲ್ಲ. ಸೂರ್ಯಸಿದ್ಧಾಂತದಲ್ಲಿ ಹೇಳಿದ ಕಪಾಲಯಂತ್ರವೆಂಬದು ಅಡಿಯಲ್ಲಿ ಸಣ್ಣ ರಂಧ್ರವುಳ್ಳ ಒಂದು ತಾಮ್ರದ ಬಟ್ಟಲು. ಅದನ್ನು ನಿರ್ಮಲವಾದ ನೀರಿನ ಕುಂಡದಲ್ಲಿ ತೇಲಬಿಟ್ಟರೆ ಅಹೋರಾತ್ರದಲ್ಲಿ ಅರವತ್ತು ಸಲ ಮುಳುಗುವದು. ಒಂದು ಮುಳುಗಿಗೆ ಒಂದು ಗಳಿಗೆ, ಅಂದರೆ ಈಗಿನ ೨೪ ನಿಮಿಷ; ಗಳಿಗೆಯ ಅರವತ್ತರಲ್ಲಿ ಒಂದು ಪಾಲು ವಿಗಳಿಗೆ, ಅಂದರೆ ೨೪ ಸೆಕೆಂಡು. ೧೧೫೦ರಲ್ಲಿ ಸಿದ್ಧಾಂತಶಿರೋಮಣಿಯನ್ನು ರಚಿಸಿದ ಭಾಸ್ಕರಾಚಾರ್ಯನು ತನ್ನ ಗ್ರಂಥದಲ್ಲಿ ಯಂತ್ರಗಳಿಗಾಗಿಯೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದಾನೆ. ಆತನ ಮಗಳು ಲೀಲಾವತಿಯ ಮೂಗುತಿಯ ಮುತ್ತು ಗಳಿಗೆಬಟ್ಟಲಲ್ಲಿ ಬಿದ್ದು ರಂಧ್ರವು ಮುಚ್ಚಿ ಮುಹೂರ್ತವು ತಪ್ಪಿಹೋಯಿತೆಂಬ ಕಥೆಯನ್ನು ಎಲ್ಲರೂ ಕೇಳಿರುವರು. ಆದರೆ ಈ ಕಥೆಯು ಭಾಸ್ಕರನ ಗ್ರಂಥದಲ್ಲಿ ಎಲ್ಲಿಯೂ ಇಲ್ಲ. ಅಕಬರನ ಆಸ್ಥಾನದ ಫೈಜಿಯು ೧೫೮೭ರಲ್ಲಿ ಮಾಡಿದ ಪಾರಸೀ ಭಾಷಾಂತರದೊಂದಿಗೆ ಅದು ಪ್ರಚಾರಕ್ಕೆ ಬಂತು. ಕಥೆಯು ಸುಳ್ಳಾದರೂ ಅದರ ಹಿಂದಿನ ಭಯವು ನಿಜವಾದದ್ದು. ಕಾಲವನ್ನು ತಿಳಿಸುವ ಯಂತ್ರವು ಒಂದೇ ಇದ್ದು ಅದು ಕೆಟ್ಟರೆ ಗತಿಯೇನು? ಪಾಠಶಾಲೆಯಲ್ಲಿ ನಮಗೆ ಜ್ಯೋತಿಷವನ್ನು ಹೇಳಿಕೊಡುತ್ತಿದ್ದ ಶಾಸ್ತ್ರಿಗಳು ಗಳಿಗೆಬಟ್ಟಲನ್ನು ನೀರಿಗೆ ಬಿಟ್ಟು ತೋರಿಸುವಾಗ ಪಕ್ಕದಲ್ಲಿ ತಮ್ಮ ಜೇಬಿನ ಗಡಿಯಾರವನ್ನೂ ಬಿಚ್ಚಿಡುತ್ತಿದ್ದರು. ಯಾವದು ಯಾವದಕ್ಕೆ ಸಾಕ್ಷಿಯೆಂದು ನಾವು ಕೇಳುವ ಧೈರ್ಯ ಮಾಡಲಿಲ್ಲ.

ಬಟ್ಟಲಿನ ಕಾಲವು ಆಯಾ ಊರಿನ ಕಾಲವು. ಆ ಊರಿನ ಸೂರ್ಯನನ್ನು ಅನುಸರಿಸಿದ್ದು. ಗಡಿಯಾರದ ಕಾಲವಾದರೋ ಉಗಿಬಂಡಿಯ ಬೆನ್ನ ಹಿಂದೆ ಬಂದದ್ದು. ಹಿಂದೂಸ್ಥಾನದ ರೈಲುಗಳು ಮೊದಲು ಮದರಾಸಿನ ವೇಧಶಾಲೆಯ ಕಾಲವನ್ನು ಅನುಸರಿಸಿದವು. ೧೯೦೬ರಿಂದ ಪೂರ್ವರೇಖಾಂಶ ೮೨½ ಅಂಶದ ಕಾಲವು ಇಡೀ ದೇಶದ ಕಾಲವಾಯಿತು. ನಮ್ಮ ಜಿಲ್ಲೆಯು ಆಗ ಮುಂಬಯಿ ಇಲಾಖೆಗೆ ಸೇರಿತ್ತಷ್ಟೆ. ಆ ಮುಂಬಯಿ ನಗರವಾದರೋ ಹಟ ಹಿಡಿದು ೧೯೫೫ರ ವರೆಗೆ ಮೂವತ್ತೊಂಬತ್ತು ನಿಮಿಷ ಹಿಂದಿರುವ ತನ್ನ ಕಾಲವನ್ನೇ ಇಟ್ಟುಕೊಂಡಿತ್ತು. ನಮ್ಮ ಇಂದೂರವು ಸುಮಾರು ೭೫ನೆಯ ರೇಖಾಂಶದ ಮೇಲಿರುವದರಿಂದ, ಅಂಶಕ್ಕೆ ನಾಲ್ಕು ನಿಮಿಷದಂತೆ ಲೆಕ್ಕ ಹಾಕಿದರೆ, ಇಲ್ಲಿಯ ಸೂರ್ಯನು ದೇಶದ ಕಾಲಕ್ಕಿಂತ ಮೂವತ್ತು ನಿಮಿಷ, ಅಂದರೆ ಒಂದೂಕಾಲು ಗಳಿಗೆ, ಹಿಂದಿರುವನು. ಶಾಲೆಯ ಗಡಿಯಾರದಲ್ಲಿ ಹನ್ನೆರಡು ಹೊಡೆದಾಗ ಅಂಗಳದ ಕಂಬದ ನೆರಳು ಇನ್ನೂ ಕಂಬದ ಬುಡವನ್ನು ಸೇರಿರುವದಿಲ್ಲ. ಇದನ್ನು ನಾನು ಪ್ರತಿವರ್ಷವೂ ಹುಡುಗರಿಗೆ ತೋರಿಸುತ್ತಿದ್ದೆನು. ಪ್ರತಿವರ್ಷವೂ ಒಬ್ಬಿಬ್ಬರು ನೆರಳೇ ತಪ್ಪಿದೆ ಎನ್ನುತ್ತಿದ್ದರು.

೧೯೫೦ರ ಜನವರಿ ೮ರಂದು ಧಾರವಾಡದ ಆಕಾಶವಾಣಿಯು ಆರಂಭವಾದ ಬಳಿಕ ದೇಶದ ಕಾಲವು ಕಾಡಿನ ನಡುವಿನ ಹಳ್ಳಿಗಳಿಗೂ ಕಿವಿಯ ಮೂಲಕ ತಲುಪಹತ್ತಿತು. ಆದರೆ ಆ ಕಾಲವನ್ನು ಹಿಡಿದಿಟ್ಟುಕೊಳ್ಳಲು ಕೈಯಲ್ಲಿ ಗಡಿಯಾರ ಬೇಕಲ್ಲ! ಆಗ ದೊರೆಯುತ್ತಿದ್ದವು ವೆಸ್ಟ್ ಎಂಡ್, ಫಾವ್ರ್ ಲ್ಯೂಬಾ ಮೊದಲಾದ ಸ್ವಿಸ್ ವಾಚುಗಳು. ಅವು ಉಳ್ಳವರ ಸ್ವತ್ತು. ಸ್ವಾತಂತ್ರ್ಯಾನಂತರ ವಿದೇಶೀ ಸರಕಿನ ಆಮದಿಗೆ ನಿರ್ಬಂಧಗಳು ಬಿಗಿಯಾದ ಮೇಲೆ ನ್ಯಾಯವಾದ ಮಾರ್ಗದಿಂದ ಅವು ಸಿಗುವದು ಇನ್ನೂ ಕಷ್ಟವಾಯಿತು. ಅನ್ಯಾಯದ ಮಾರ್ಗವು ಮಾತ್ರ ನಮಗೆ ಹತ್ತಿರವೇ ಇತ್ತು. ಪೋರ್ತುಗೀಜರ ಗೋವೆಯಲ್ಲಿ ಆಮದಿಗೆ ತಡೆ ಕಡಿಮೆ. ಅಲ್ಲಿಂದ ಘಟ್ಟವನ್ನೇರಿ ಗಡಿ ದಾಟಿ ಬರುತ್ತಿದ್ದ ಕಳ್ಳಮಾಲಿನಲ್ಲಿ ಬಂಗಾರದ ತರುವಾಯ ವಾಚುಗಳಿಗೆ ಮುಖ್ಯ ಸ್ಥಾನವಿತ್ತು. ಗೋವೆಯು ವಿಮೋಚನೆಯಾದದ್ದು ೧೯೬೧ರ ದಶಂಬರದಲ್ಲಿ. ಅದೇ ವರ್ಷದಲ್ಲಿಯೇ ಬೆಂಗಳೂರಿನಲ್ಲಿ ಮೊದಲನೆಯ ಸ್ವದೇಶಿ ಕೈಗಡಿಯಾರವು ಹುಟ್ಟಿತೆಂಬದು ಕಾಕತಾಳೀಯವಾದರೂ ನೆನಪಿಡತಕ್ಕ ಸಂಗತಿಯು.

ಬೆಂಗಳೂರಿನ ಹತ್ತಿರದ ಜಾಲಹಳ್ಳಿಯಲ್ಲಿ ೧೯೫೩ರಲ್ಲಿ ಭಾರತ ಸರಕಾರವು ಸ್ಥಾಪಿಸಿದ ಹಿಂದೂಸ್ಥಾನ ಮಶಿನ್ ಟೂಲ್ಸ್ ಸಂಸ್ಥೆಯು ಮೊದಲು ಮಾಡುತ್ತಿದ್ದುದು ಯಂತ್ರಗಳನ್ನು ಮಾಡುವ ಯಂತ್ರಗಳನ್ನು. ಕೂದಲೆಳೆಯಷ್ಟು ವ್ಯತ್ಯಾಸವಿಲ್ಲದೆ ಲೋಹವನ್ನು ಕೊರೆಯಬಲ್ಲವರಿಗೆ ಗಡಿಯಾರದ ಹಲ್ಲುಗಾಲಿಗಳನ್ನು ಕೊರೆಯುವದು ಅಸಾಧ್ಯವಲ್ಲವೆಂಬ ವಿಚಾರದಿಂದ, ಜಪಾನದ ಸಿಟಿಜನ್ ಸಂಸ್ಥೆಯ ಸಹಕಾರವನ್ನು ಪಡೆದು, ೧೯೬೧ರಲ್ಲಿ ಅಲ್ಲಿ ವಾಚಿನ ಕಾರಖಾನೆಯು ಆರಂಭವಾಯಿತು. ಮೊದಲ ವಾಚುಗಳನ್ನು ಪ್ರಧಾನಮಂತ್ರಿ ಜವಾಹರಲಾಲ ನೆಹರೂ ಅವರೇ ಬಿಡುಗಡೆ ಮಾಡಿದರು. 'ಜನತಾ' ಎಂಬ ಹೆಸರೇ ಸಂಸ್ಥೆಯ ಉದ್ದೇಶವನ್ನು ಸಾರುತ್ತಿತ್ತು. ಬರಬರುತ್ತ ಪೈಲಟ್, ಸೋನಾ, ಕಾಂಚನ, ಕೊಹಿನೂರ ಎಂಬ ಒಡಹುಟ್ಟಿದವರೂ ಬಂದರು. ಕುರುಡರು ಮುಟ್ಟಿ ನೋಡಿ ಕಾಲವನ್ನು ತಿಳಿಯುವ ವಾಚುಗಳನ್ನೂ ಈ ಸಂಸ್ಥೆಯು ಮಾಡಿತು. ಬೆಂಗಳೂರಿನಲ್ಲಿ ಎರಡನೆಯ ಕಾರಖಾನೆ, ಕಾಶ್ಮೀರದ ಶ್ರೀನಗರದಲ್ಲಿ ಒಂದು, ೧೯೭೮ರಲ್ಲಿ ತುಮಕೂರಿನಲ್ಲಿ ಮತ್ತೊಂದು, ಮುಂದೆ ಹಿಮಾಲಯದ ತಪ್ಪಲಿನ ರಾಣೀಬಾಗಿನಲ್ಲಿ ಇನ್ನೊಂದು—ಹೀಗೆ ವಂಶವು ವಿಸ್ತಾರವಾಯಿತು.

ಈ ಜನತಾ ವಾಚಿನ ಹೊಟ್ಟೆಯೊಳಗಿನ ವ್ಯವಸ್ಥೆಯನ್ನು ಸ್ವಲ್ಪ ಹೇಳದೆ ಮುಂದುವರಿಯಲು ಮನಸ್ಸೊಪ್ಪದು. ದಿನಕ್ಕೊಮ್ಮೆ ಕೀಲಿ ಕೊಟ್ಟರೆ ಒಳಗಿನ ಉಕ್ಕಿನ ಸುರುಳಿಯು ಬಿಗಿದುಕೊಳ್ಳುವದು. ಅದು ಬಿಚ್ಚಿಕೊಳ್ಳುವ ಬಲವು ಗಾಲಿಯಿಂದ ಗಾಲಿಗೆ ಹರಿದು, ಕಟ್ಟಕಡೆಗೆ ಕೂದಲಿನಂಥ ಇನ್ನೊಂದು ಸುರುಳಿಯ ಆಧಾರದಿಂದ ಅತ್ತಿತ್ತ ತೂಗುವ ಚಕ್ರವನ್ನು ಮುಟ್ಟುವದು. ಆ ಚಕ್ರವು ಗಂಟೆಗೆ ೧೮,೦೦೦ ಸಲ, ಅಂದರೆ ಸೆಕೆಂಡಿಗೆ ಐದು ಸಲ, ಮಿಡಿಯುವದು. ಲೋಹವು ಲೋಹಕ್ಕೆ ತಿಕ್ಕಿ ಸವೆಯಬಾರದೆಂದು ಹದಿನೇಳು ಕೃತಕ ಮಾಣಿಕ್ಯಗಳನ್ನು ಅಚ್ಚುಗಳ ತುದಿಗಳಿಗೂ ಇತರ ತಿಕ್ಕಾಟದ ಸ್ಥಳಗಳಿಗೂ ಕೂಡ್ರಿಸಿರುವರು. ಇಂಥ ವಾಚು ದಿನಕ್ಕೆ ಒಂದು ವಿಗಳಿಗೆಯಷ್ಟು ಹೆಚ್ಚುಕಡಿಮೆಯಾದರೆ ಅದನ್ನು ದೋಷವೆನ್ನುವಂತಿಲ್ಲ. ಬೆಳಿಗ್ಗೆ ಸ್ನಾನಸಂಧ್ಯಾದಿಗಳಾದ ಮೇಲೆ ರೇಡಿಯೋದ ಎದುರು ಕುಳಿತು, ವಾರ್ತೆಯ ಮೊದಲಿನ ಕೂಗಿಗೆ ಕಾಯ್ದು, ಮುಳ್ಳನ್ನು ಸರಿಪಡಿಸಿ, ಇಪ್ಪತ್ತು ಸುತ್ತು ಕೀಲಿ ಕೊಡುವದು ನಮ್ಮ ತಂದೆಯವರ ನಿತ್ಯಕರ್ಮಗಳಲ್ಲಿ ಒಂದಾಗಿತ್ತು.

ಆ ದಿನಗಳಲ್ಲಿ ಈ ವಾಚನ್ನು ಮಾರಬೇಕಾದ ಕಷ್ಟವೇ ಇರಲಿಲ್ಲ. ಬೇಡಿಕೆಯು ತಯಾರಿಕೆಗಿಂತ ಎಷ್ಟೋ ಹೆಜ್ಜೆ ಮುಂದಿತ್ತು. ಗಿರಾಕಿಯು ಕಾಯ್ದು ನಿಂತು ಕೊಟ್ಟದ್ದನ್ನು ತೆಗೆದುಕೊಳ್ಳುತ್ತಿದ್ದನು. ಪರದೇಶದ ಮಾಲಿಗೆ ಸುಂಕದ ಗೋಡೆ, ಒಳನಾಡಿನ ಪ್ರತಿಸ್ಪರ್ಧಿಗಳಿಗೆ ಪರವಾನಗಿಯ ಗೋಡೆ. ಈ ಎರಡು ಗೋಡೆಗಳ ನಡುವೆ ಸಂಸ್ಥೆಯು ನಿಶ್ಚಿಂತವಾಗಿತ್ತು. ಕಾಯುವ ಗಿರಾಕಿಯಿಂದ ವ್ಯಾಪಾರಿಯು ಏನನ್ನೂ ಕಲಿಯಲಾರನೆಂಬ ಮಾತು ಮುಂದಿನ ಕಥೆಗೆ ಬೀಜವಾದದ್ದು.

ಇಷ್ಟರಲ್ಲಿ ಲೋಕದ ಇನ್ನೊಂದು ಕಡೆಗೆ ಬೇರೊಂದು ಸಂಗತಿಯು ನಡೆದಿತ್ತು. ಬೆಣಚುಕಲ್ಲಿನ ಜಾತಿಯ ಸ್ಫಟಿಕವನ್ನು ಒತ್ತಿದರೆ ಅದರಲ್ಲಿ ವಿದ್ಯುತ್ತು ಹುಟ್ಟುವದೆಂದು ೧೮೮೦ರಲ್ಲಿಯೇ ಫ್ರಾನ್ಸಿನ ಕ್ಯೂರಿ ಸಹೋದರರು ಕಂಡುಹಿಡಿದಿದ್ದರು. ವಿದ್ಯುತ್ತನ್ನು ಹಾಯಿಸಿದರೆ ಸ್ಫಟಿಕವು ಮಿಡಿಯುವದೆಂಬದು ಇದರ ವಿಪರ್ಯಾಯವು. ೧೯೨೭ರಲ್ಲಿ ಅಮೇರಿಕದ ಬೆಲ್ ಪ್ರಯೋಗಶಾಲೆಯಲ್ಲಿ ವಾರನ್ ಮ್ಯಾರಿಸನ್ ಎಂಬವನು ಈ ಮಿಡಿತದಿಂದ ನಡೆಯುವ ಗಡಿಯಾರವನ್ನು ಕಟ್ಟಿದನು. ಅಂಥ ಗಡಿಯಾರಕ್ಕೆ ಕಪಾಟಿನಷ್ಟು ಸ್ಥಳ ಬೇಕಾಗುತ್ತಿತ್ತು. ಅದನ್ನು ಮಣಿಕಟ್ಟಿಗೆ ಇಳಿಸುವ ಪ್ರಯತ್ನದಲ್ಲಿ ಸ್ವಿಸ್ಸರೇನೂ ಹಿಂದಿರಲಿಲ್ಲ. ನ್ಯೂಶಾಟೆಲಿನ ಸಂಶೋಧಕರು ೧೯೬೭ರಲ್ಲಿಯೇ ಮಾದರಿಗಳನ್ನು ಮಾಡಿ ಪರೀಕ್ಷಿಸಿದ್ದರು. ಆದರೆ ಅಂಗಡಿಗೆ ಮೊದಲು ತಂದವರು ಜಪಾನೀಯರು: ೧೯೬೯ರ ದಶಂಬರ ೨೫ರಂದು ಸೈಕೋ ಸಂಸ್ಥೆಯು ಆಸ್ಟ್ರಾನ್ ಎಂಬ ಸ್ಫಟಿಕದ ಕೈಗಡಿಯಾರವನ್ನು ೪,೫೦,೦೦೦ ಯೆನ್ ಬೆಲೆಗೆ ಮಾರಾಟಕ್ಕಿಟ್ಟಿತು. ಅಷ್ಟು ಹಣಕ್ಕೆ ಆಗ ಆ ದೇಶದಲ್ಲಿ ಒಂದು ಸಣ್ಣ ಮೋಟಾರುಗಾಡಿಯು ಬರುತ್ತಿತ್ತಂತೆ. ಇಷ್ಟು ದುಬಾರಿಯಾದದ್ದು ಬಡವರ ಅನ್ನವನ್ನು ಹೇಗೆ ಕಸಿದುಕೊಳ್ಳಬಲ್ಲದೆಂದು ಅಂದು ಯಾರಾದರೂ ನಗಬಹುದಾಗಿತ್ತು. ಆದರೆ ಈ ಜಾತಿಯ ಯಂತ್ರಗಳ ಧರ್ಮವೇ ಬೇರೆ. ಹಲ್ಲುಗಾಲಿಯನ್ನು ಕೊರೆಯುವವನ ಕೂಲಿಯು ವರ್ಷದಿಂದ ವರ್ಷಕ್ಕೆ ಏರುವದು. ಸ್ಫಟಿಕದ ಮಿಡಿತವನ್ನು ಎಣಿಸುವ ಸಿಲಿಕಾನಿನ ಚೂರಿನ ಬೆಲೆಯು ವರ್ಷದಿಂದ ವರ್ಷಕ್ಕೆ ಇಳಿಯುವದು. ಹತ್ತೇ ವರ್ಷಗಳಲ್ಲಿ ಎರಡು ರೇಖೆಗಳೂ ಒಂದನ್ನೊಂದು ದಾಟಿಹೋದವು. ಸ್ವಿಸ್ ದೇಶದಲ್ಲಿ ೧೯೭೦ರ ಸುಮಾರಿಗೆ ಗಡಿಯಾರದ ಉದ್ಯೋಗದಲ್ಲಿ ೯೦,೦೦೦ದಷ್ಟು ಜನರಿದ್ದುದು ೧೯೮೦ರ ದಶಕದ ನಡುವಿಗೆ ಮೂರರಲ್ಲಿ ಒಂದು ಪಾಲಾಯಿತು.

ಸ್ಫಟಿಕದ ಕೆಲಸವನ್ನು ನೋಡಿರಿ. ಬ್ಯಾಟರಿಯಿಂದ ಬಲವನ್ನು ಪಡೆದು ಅದು ಸೆಕೆಂಡಿಗೆ ೩೨,೭೬೮ ಸಲ ಮಿಡಿಯುವದು. ಈ ಸಂಖ್ಯೆಯು ಯಾದೃಚ್ಛಿಕವಾದದ್ದಲ್ಲ: ಎರಡನ್ನು ಎರಡರಿಂದ ಗುಣಿಸುತ್ತ ಹೋಗಿ ಹದಿನೈದು ಎರಡುಗಳಾದಾಗ ಬರುವ ಸಂಖ್ಯೆಯಿದು. ಆದ್ದರಿಂದ ಹದಿನೈದು ಸಲ ಅರ್ಧಿಸಿದರೆ ಸರಿಯಾಗಿ ಒಂದು ಉಳಿಯುವದು, ಆ ಒಂದು ಮಿಡಿತಕ್ಕೆ ಮುಳ್ಳು ಒಂದು ಹೆಜ್ಜೆ ಇಡುವದು. ಛಂದಃಶಾಸ್ತ್ರದಲ್ಲಿ ಪಿಂಗಲನ ಪ್ರಸ್ತಾರವನ್ನು ಓದಿದವರಿಗೆ ಈ ಅರ್ಧಿಸುವ ಕ್ರಮವು ಹೊಸದೆನಿಸಲಾರದು. ಕೀಲಿಯ ವಾಚು ದಿನವೊಂದಕ್ಕೆ ತಪ್ಪುವಷ್ಟು ಕಾಲವನ್ನು ಇದು ತಿಂಗಳಿಗೂ ತಪ್ಪಲಾರದು.

ಇನ್ನು ಪ್ರಕೃತಕ್ಕೆ ಬರೋಣ. ಜನರ ಬಾಯಲ್ಲಿ ಒಂದು ಮಾತು ರೂಢವಾಗಿದೆ: ಸರಕಾರದ ಕಾರಖಾನೆಯು ಹೊಸ ವಿದ್ಯೆಯನ್ನು ಅರಿಯದೆ ಕುಳಿತಿತು, ಖಾಸಗಿಯವರು ಅರಿತರು, ಅವರು ಗೆದ್ದರು, ಇವರು ಸೋತರು. ಈ ಮಾತನ್ನು ನಾನು ಪೂರ್ತಿ ಒಪ್ಪಲಾರೆನು. ಎಚ್.ಎಂ.ಟಿ. ಸಂಸ್ಥೆಯು ೧೯೮೦ರ ದಶಕದ ಆದಿಯಲ್ಲಿಯೇ ಸ್ಫಟಿಕದ ವಾಚುಗಳನ್ನು ಮಾಡಿತು; ಖಾಸಗಿಯವರ ಮೊದಲ ವಾಚು ಪೇಟೆಗೆ ಬರುವದಕ್ಕೆ ಎಷ್ಟೋ ಮುಂಚೆ. ವಿದ್ಯೆಯು ಅವರಲ್ಲಿತ್ತು, ಯಂತ್ರಗಳಿದ್ದವು, ನುರಿತ ಬೆರಳುಗಳಿದ್ದವು. ಇರದಿದ್ದುದು ಗಿರಾಕಿಯ ಮನಸ್ಸನ್ನು ಓದುವ ಕಣ್ಣು. ಕೀಲಿಯ ವಾಚಿಗೆ ಜನರು ಇನ್ನೂ ಸಾಲುಗಟ್ಟಿ ನಿಂತಿರುವಾಗ, ಬೆಲೆ ಹೆಚ್ಚಿನ ಹೊಸ ವಾಚನ್ನು ಯಾರು ಕೊಳ್ಳುವರೆಂಬ ಲೆಕ್ಕಾಚಾರವು ಅಂದಿನ ಮಟ್ಟಿಗೆ ತಪ್ಪೆನ್ನುವಂತಿರಲಿಲ್ಲ. ಕಾರಖಾನೆಗಳೂ ಕೆಲಸಗಾರರೂ ಹಲ್ಲುಗಾಲಿಯ ವಿದ್ಯೆಗೆ ಕಟ್ಟಲ್ಪಟ್ಟಿದ್ದರು. ಒಂದು ರಾತ್ರಿಯಲ್ಲಿ ಅದನ್ನು ತೊರೆಯುವದೆಂದರೆ ಸಾವಿರಾರು ಸಂಸಾರಗಳ ಪ್ರಶ್ನೆಯು. ಸ್ವಿಸ್ಸರಂಥ ಸ್ವಿಸ್ಸರೇ ತಾವು ಮಾಡಿದ ಮಾದರಿಯನ್ನು ತಾವೇ ಉಪೇಕ್ಷಿಸಿ ಕೆಟ್ಟಿರುವಾಗ, ಜಾಲಹಳ್ಳಿಯವರನ್ನು ಮಾತ್ರ ಮೂಢರೆನ್ನುವದು ನ್ಯಾಯವಲ್ಲ.

೧೯೮೪ರಲ್ಲಿ ತಾತಾ ಮನೆತನದವರೂ ತಮಿಳುನಾಡಿನ ಸರಕಾರೀ ಔದ್ಯೋಗಿಕ ನಿಗಮವೂ ಕೂಡಿ ಟೈಟನ್ ಸಂಸ್ಥೆಯನ್ನು ಹುಟ್ಟಿಸಿದರು. ಕಾರಖಾನೆಗೆ ಆರಿಸಿದ ಸ್ಥಳವು ಹೊಸೂರು. ತಮಿಳುನಾಡಿಗೆ ಸೇರಿದ್ದರೂ ಕನ್ನಡದ ಮಾತು ಇಂದಿಗೂ ಕೇಳಿಬರುವ, ಬೆಂಗಳೂರಿನಿಂದ ಒಂದು ಗಂಟೆಯ ಹಾದಿಯ ಗಡಿನಾಡು. ಹೀಗೆ ಹಳೆಯದೂ ಹೊಸದೂ ಎರಡೂ ಕಾರಖಾನೆಗಳು ಬೆಂಗಳೂರಿನ ಉತ್ತರದಕ್ಷಿಣಗಳಲ್ಲಿ ನೆಲೆಗೊಂಡವು. ಹೊಸ ಸಂಸ್ಥೆಯ ಸೂತ್ರಧಾರರಾದ ಝರ್ಕ್ಸಿಸ್ ದೇಸಾಯಿಯವರು ಸ್ಫಟಿಕದ ವಾಚನ್ನೇ ಮುಖ್ಯವಾಗಿ ನೆಚ್ಚಿ ೧೯೮೭ರಲ್ಲಿ ಪೇಟೆಗಿಳಿದರು. ಆದರೆ ಅವರ ನಿಜವಾದ ನೂತನ ಶೋಧವು ಸ್ಫಟಿಕವಲ್ಲ, ಅಂಗಡಿ. ಅಲ್ಲಿಯ ವರೆಗೆ ವಾಚೆಂಬದು ಧೂಳು ಹಿಡಿದ ಗಾಜಿನ ಪೆಟ್ಟಿಗೆಯಲ್ಲಿ ಮಲಗಿರುವ ವಸ್ತು. ಇವರು ಅದಕ್ಕೆ ಅರಮನೆಯಂಥ ಅಂಗಡಿಗಳನ್ನು ಕಟ್ಟಿದರು. ನೂರಾರು ಮಾದರಿಗಳನ್ನು ದೀಪದ ಬೆಳಕಿನಲ್ಲಿಟ್ಟು ಆರಿಸಿಕೊಳ್ಳಿರೆಂದರು. ಆಸ್ಟ್ರಿಯಾ ದೇಶದ ಮೊಝಾರ್ಟ್ ಎಂಬ ಗಂಧರ್ವನು ೧೭೭೩ರಲ್ಲಿ ರಚಿಸಿದ ವಾದ್ಯಗೀತದ ತುಣುಕೊಂದನ್ನು ದೂರದರ್ಶನದ ಜಾಹೀರಾತಿಗೆ ಜೋಡಿಸಿದರು. ಮೊಝಾರ್ಟನ ಹೆಸರನ್ನೇ ಕೇಳದ ನಮ್ಮ ಹಳ್ಳಿಯ ಹುಡುಗರೂ ಆ ರಾಗವನ್ನು ಸಿಳ್ಳು ಹಾಕುತ್ತಿದ್ದರು. ಅಣ್ಣನು ತಂಗಿಗೆ, ಅಳಿಯನು ಮಾವನಿಗೆ ಕೊಡುವ ಉಡುಗೊರೆಯಾಗಿ ವಾಚು ಬದಲಾಯಿತು. ಒಂದು ಆಯುಷ್ಯಕ್ಕೆ ಒಂದು ವಾಚೆಂಬ ನಿಯಮವು ಮುರಿದು, ಉಟ್ಟ ಬಟ್ಟೆಗೆ ಒಪ್ಪುವ ವಾಚು ಎಂಬ ಹೊಸ ನಿಯಮವು ಬಂತು. ೨೦೦೨ರಲ್ಲಿ ಒಟ್ಟು ದಪ್ಪವು ಮೂರೂವರೆ ಮಿಲಿಮೀಟರಿನ 'ಎಡ್ಜ್' ಎಂಬ ವಾಚನ್ನು ಅವರೇ ಮಾಡಿ ಕುಶಲತೆಯಲ್ಲಿಯೂ ತಾವು ಕಡಿಮೆಯಲ್ಲವೆಂದು ತೋರಿಸಿದರು.

ಕಾಲವನ್ನು ತಿಳಿಯಲೆಂದು ಕೊಳ್ಳುವ ವಸ್ತುವು ಒಂದು, ತನ್ನನ್ನು ತೋರಿಸಿಕೊಳ್ಳಲೆಂದು ಕೊಳ್ಳುವ ವಸ್ತುವು ಇನ್ನೊಂದು. ಜಾಲಹಳ್ಳಿಯವರು ಮೊದಲನೆಯದನ್ನು ಮಾಡುತ್ತಿದ್ದರು, ಹೊಸೂರಿನವರು ಎರಡನೆಯದನ್ನು ಮಾರುತ್ತಿದ್ದರು. ೧೯೯೧ರ ಬಳಿಕ ಸುಂಕದ ಗೋಡೆಗಳೂ ಪರವಾನಗಿಯ ಗೋಡೆಗಳೂ ಕುಸಿದಾಗ ಸರಕಾರೀ ಕಾರಖಾನೆಗಳಿಗೆ ಮರೆಯಿಲ್ಲದಾಯಿತು. ನಷ್ಟದ ಮೇಲೆ ನಷ್ಟವಾಗಿ, ವಾಚಿನ ವಿಭಾಗವನ್ನು ಬೇರೆ ಸಂಸ್ಥೆಯನ್ನಾಗಿ ಮಾಡಿದರೂ ಫಲವಾಗದೆ, ಕಡೆಗೆ ೨೦೧೬ರ ಜನವರಿಯಲ್ಲಿ ಕೇಂದ್ರ ಮಂತ್ರಿಮಂಡಲವು ಎಚ್.ಎಂ.ಟಿ. ವಾಚಿನ ಸಂಸ್ಥೆಯನ್ನು ಮುಚ್ಚುವ ನಿರ್ಣಯವನ್ನು ಕೈಕೊಂಡಿತು. ತುಮಕೂರಿನ ಕಾರಖಾನೆಯನ್ನೇ ನಂಬಿ ಬೆಳೆದ ಬಡಾವಣೆಗಳ, ಅಲ್ಲಿ ಗಂಡಹೆಂಡಿರಿಬ್ಬರೂ ದುಡಿದು ಮಕ್ಕಳನ್ನು ಓದಿಸಿದ ಸಂಸಾರಗಳ ಚರಿತ್ರೆಯನ್ನು ತುಮಕೂರಿನವರೇ ಯಾರಾದರೂ ಬರೆಯಬೇಕು. ಅದು ಬರಿಯ ಲಾಭನಷ್ಟಗಳ ಪಟ್ಟಿಯಲ್ಲ. ಬೆಂಗಳೂರಿನಲ್ಲಿ ಹಳೆಯ ವಾಚುಗಳನ್ನೂ ಯಂತ್ರಗಳನ್ನೂ ಇಟ್ಟು ಒಂದು ವಸ್ತುಸಂಗ್ರಹಾಲಯವನ್ನು ೨೦೧೯ರಲ್ಲಿ ತೆರೆದಿರುವರು. ಲಾಲಬಾಗಿನ ಹೂವಿನ ಗಡಿಯಾರವೂ ಆ ಸಂಸ್ಥೆಯದೇ ಕೊಡುಗೆ.

ನಮ್ಮ ಕಡೆಗೆ ಈ ಕ್ರಾಂತಿಯ ಪೆಟ್ಟು ಬಿದ್ದದ್ದು ರಿಪೇರಿಯವರ ಮೇಲೆ. ಒಂದು ಕಾಲಕ್ಕೆ ಹುಬ್ಬಳ್ಳಿಯ, ಮುಂಡಗೋಡದ ಪೇಟೆಗಳಲ್ಲಿ ಕಣ್ಣಿಗೆ ದುರ್ಬೀನು ಸಿಗಿಸಿಕೊಂಡು, ಗಾಜಿನ ಪೆಟ್ಟಿಗೆಯ ಹಿಂದೆ ಬಾಗಿ ಕುಳಿತ ಕುಶಲಿಗಳಿದ್ದರು. ವರ್ಷಕ್ಕೊಮ್ಮೆ ವಾಚನ್ನು ಬಿಚ್ಚಿ, ಪೆಟ್ರೋಲಿನಲ್ಲಿ ತೊಳೆದು, ಸೂಜಿಯ ಮೊನೆಯಿಂದ ಎಣ್ಣೆಯ ಹನಿ ಬಿಟ್ಟು ಜೋಡಿಸಿ ಕೊಡುವದು ಅವರ ವೃತ್ತಿ. ಸ್ಫಟಿಕದ ವಾಚಿಗೆ ಇದೊಂದೂ ಬೇಡ. ಸೆಲ್ಲು ತೀರಿದರೆ ಹೊಸದು. ಒಳಯಂತ್ರವು ಕೆಟ್ಟರೆ ಇಡೀ ಯಂತ್ರವನ್ನೇ ಬದಲಾಯಿಸುವದು ರಿಪೇರಿಗಿಂತ ಅಗ್ಗ. ಗಾಲಿಗಳ ಜಾತಕವನ್ನು ಬಲ್ಲವರು ಸೆಲ್ಲು ಹಾಕುವವರಾದರು. ಅವರ ಮಕ್ಕಳು ಅದೇ ಗಾಜಿನ ಪೆಟ್ಟಿಗೆಯ ಹಿಂದೆ ಮೊಬೈಲು ರಿಪೇರಿಗೆ ಕುಳಿತರು. ಈಚೆಗೆ ಮಾತ್ರ ಒಂದು ವಿಚಿತ್ರವು ನಡೆದಿದೆ. ಪಟ್ಟಣದ ತರುಣರಿಗೆ ಹಳೆಯ ಜನತಾ, ಪೈಲಟ್ ವಾಚುಗಳ ಮೇಲೆ ಮೋಹ ಹುಟ್ಟಿ, ಅವನ್ನು ಹುಡುಕಿ ಕೊಳ್ಳಹತ್ತಿದ್ದಾರೆ. ಬೇಡಿಕೆ ಇದ್ದಲ್ಲಿ ವಂಚನೆಯೂ ಇರುವದು: ಹಳೆಯ ಯಂತ್ರಗಳಿಗೆ ಹೊಸ ಬಣ್ಣದ ಮುಖವನ್ನು ಬಳಿದು ಅಪೂರ್ವವಾದದ್ದೆಂದು ಮಾರುವ ಒಂದು ವ್ಯಾಪಾರವೇ ಬೆಳೆದಿದೆ. ಮನೆಯಲ್ಲಿ ಹಿರಿಯರ ವಾಚಿದ್ದವರು ಅದರ ಮುಖಕ್ಕೆ ಬಣ್ಣ ಹಚ್ಚಿಸದಿರುವದೊಳಿತು.

ಗೆದ್ದವರ ಗೆಲುವೂ ಬಹುಕಾಲ ನಿರಾತಂಕವಾಗಿರಲಿಲ್ಲ. ೧೯೯೫ರ ಜುಲೈ ೩೧ರಂದು ಕಲಕತ್ತೆಯಿಂದ ದಿಲ್ಲಿಗೆ ಭಾರತದ ಮೊದಲ ಮೊಬೈಲು ಕರೆಯು ಹೋಯಿತು. ಇಪ್ಪತ್ತು ವರ್ಷಗಳೊಳಗೆ ಕೂಲಿಯವನ ಕಿಸೆಯಲ್ಲಿಯೂ ಆ ಯಂತ್ರವು ಬಂದು ಕೂತಿತು, ಅದರ ಮುಖದ ಮೇಲೆ ಕಾಲವು ಧರ್ಮಾರ್ಥವಾಗಿ ಬರೆದಿತ್ತು. ೨೦೧೫ರಿಂದ ಆಪಲ್ ಸಂಸ್ಥೆಯು ನಾಡಿಯ ಬಡಿತವನ್ನೂ ಎಣಿಸುವ ಕೈಗಡಿಯಾರವನ್ನು ಮಾರಹತ್ತಿತು. ವೈದ್ಯನೂ ಜ್ಯೋತಿಷಿಯೂ ಒಂದೇ ಮಣಿಕಟ್ಟಿನಲ್ಲಿ ಬಂದು ಕೂಡಿದರೆನ್ನಬಹುದು; ನಾಡೀ ಎಂಬ ಶಬ್ದಕ್ಕೆ ಧಮನಿಯೆಂದೂ ಗಳಿಗೆಯೆಂದೂ ಎರಡರ್ಥಗಳಿರುವದನ್ನು ನೆನೆದರೆ ನಗು ಬರುವದು. ಆ ಆಪಲ್ ಸಂಸ್ಥೆಯ ಫೋನುಗಳನ್ನು ಜೋಡಿಸುವ ಕೋಲಾರ ಜಿಲ್ಲೆಯ ನರಸಾಪುರದ ಕಾರಖಾನೆಯನ್ನು ೨೦೨೩ರಲ್ಲಿ ಕೊಂಡವರು ತಾತಾ ಮನೆತನದವರೇ. ಹೊಸೂರಿನ ಸಮೀಪದಲ್ಲಿಯೂ ಅವರು ಫೋನಿನ ಭಾಗಗಳನ್ನು ಮಾಡುವರು.

ಫೋನಿನ ಕಾಲವಾದರೂ ಎಲ್ಲಿಂದ ಬರುವದು? ದೂರವಾಣಿಯ ಜಾಲಗಳೂ ದಾರಿ ತೋರಿಸುವ ಉಪಗ್ರಹಗಳೂ ಪರಮಾಣುಗಳ ಗಡಿಯಾರಗಳನ್ನು ನೆಚ್ಚಿವೆ. ರುಬಿಡಿಯಂ ಪರಮಾಣುವಿನ ಗಡಿಯಾರದ ಆಂದೋಲನವು ಸೆಕೆಂಡಿಗೆ ಸುಮಾರು ೬೮೩ ಕೋಟಿ. ನಮ್ಮ ದೇಶದ ಮೊದಲ ದಾರಿದೀಪದ ಉಪಗ್ರಹದಲ್ಲಿದ್ದವು ಯೂರೋಪಿನಿಂದ ಕೊಂಡ ಅಂಥ ಮೂರು ಗಡಿಯಾರಗಳು. ಜಾಲಹಳ್ಳಿಯ ವಾಚಿನ ಮನೆಗೆ ಬೀಗ ಬಿದ್ದ ೨೦೧೬ನೆಯ ವರ್ಷದಲ್ಲಿಯೇ ಆ ಮೂರೂ ಕೆಟ್ಟುನಿಂತವು. ಭಾರತದಲ್ಲಿಯೇ ಮಾಡಿದ ರುಬಿಡಿಯಂ ಗಡಿಯಾರವನ್ನು ಹೊತ್ತ ಉಪಗ್ರಹವು ೨೦೨೩ರ ಮೇ ೨೯ರಂದು ಶ್ರೀಹರಿಕೋಟೆಯಿಂದ ಮೇಲೇರಿತು. ಬೆಂಗಳೂರಿನಲ್ಲಿಯೂ ತುಮಕೂರಿನಲ್ಲಿಯೂ ಎಚ್.ಎಂ.ಟಿ.ಯ ಭೂಮಿಯಲ್ಲಿ ಇನ್ನೂರು ಎಕರೆಗೂ ಮಿಕ್ಕಿದ ಪಾಲು ಈಗ ಬಾಹ್ಯಾಕಾಶ ಇಲಾಖೆಗೆ ಸೇರಿರುವದು.